ಸಿಂಹದ ಮೇಲೆ ನಿಂತ ಬಾದಶಹ

ಜಹಾಂಗೀರ್ ಅಂದ್ರೆ ನಮಗೆ ನೆನಪಾಗೋದು ನೂರ್‌ಜಹಾನ್, ಅನಾರ್ಕಲಿ, ನ್ಯಾಯದ ಗಂಟೆ. ಈ ಮೊಗಲ್ ಬಾದಶಹನಿಗೆ ಕ್ರೈಸ್ತ ಚಿತ್ರಗಳ ಹುಚ್ಚಿತ್ತು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಮೇರಿಮಾತೆಯ ಚಿತ್ರವನ್ನು ಕೈಯಲ್ಲಿ ಹಿಡಿದಿರುವ ಅವನ ಚಿತ್ರವೊಂದು ನಮ್ಮ ದೆಹಲಿಯ ನ್ಯಾಷನಲ್ ಮ್ಯೂಸಿಯಂ ಸಂಗ್ರಹದಲ್ಲೇ ಇದೆ.

ಅವನು ಹುಟ್ಟಿದ್ದು 1569ರಲ್ಲಿ, ಸಿಕ್ರಿಯಲ್ಲಿ. ಸೂಫಿ ಸಂತ ಸಲೀಂ ಚಿಸ್ತಿಯ ಹೆಸರನ್ನೇ ಅಕ್ಬರ್ ಮಗನಿಗೆ ಇಟ್ಟ. ಹುಡುಗನಿಗೆ ಹತ್ತು ತುಂಬಿದ್ದಾಗ, 1580ರಲ್ಲಿ, ಗೋವೆಯಿಂದ ಜೆಸ್ಯುಯಿಟ್ ಪಾದ್ರಿಗಳು ಆಸ್ಥಾನಕ್ಕೆ ಬಂದರು. ಆಂಟ್‌ವರ್ಪ್‌ನಲ್ಲಿ ಅಚ್ಚಾದ, ಹಲವು ಭಾಷೆಗಳ ದೊಡ್ಡ ಬೈಬಲ್ ಕಾಣಿಕೆ ಕೊಟ್ಟರು. ಅದರ ಮೊದಲ ಪುಟದ ಚಿತ್ರದಲ್ಲಿ ಸಿಂಹ, ಎತ್ತು, ತೋಳ, ಕುರಿ ಒಂದೇ ಗೋದಲಿಗೆ ಬಾಯಿ ಹಾಕಿವೆ. ಯೆಶಾಯ ಪ್ರವಾದಿ ಕಂಡ ಶಾಂತಿಯ ರಾಜ್ಯ ಅದು. ಹೆರುವ ಕಪ್ಪೆಗೆ ಹಾವು ಹೆಡೆಯೆತ್ತಿ ನೆರಳು ಕೊಟ್ಟ ಶೃಂಗೇರಿ ಕತೆ ಕೇಳಿದ ನಮಗೆ ಇದು ತೀರಾ ಹೊಸದಲ್ಲ.

1605ರಲ್ಲಿ ಸಲೀಂ ಪಟ್ಟವೇರಿ ಜಹಾಂಗೀರನಾದ. ಮರುವರ್ಷವೇ ಮಗ ಖುಸ್ರೋ ತಿರುಗಿಬಿದ್ದ. ಅವನನ್ನು ಹಿಡಿಸಿ, ಆಮೇಲೆ ಅವನ ದೃಷ್ಟಿಯನ್ನೇ ಕೆಡಿಸಿದ.

ಇಂಥವನಿಗೆ ಒಂದು ರಾತ್ರಿ ಕನಸು ಬಿತ್ತು. ಅದನ್ನು ಆಸ್ಥಾನದ ಅಬುಲ್ ಹಸನ್ 1618ರ ಸುಮಾರಿಗೆ ಚಿತ್ರವಾಗಿ ಬರೆದ. ಭೂಗೋಳದ ಮೇಲೆ ಸಿಂಹ ಮತ್ತು ಕುರಿ ಮಲಗಿವೆ. ಸಿಂಹದ ಮೇಲೆ ಜಹಾಂಗೀರ್, ಕುರಿಯ ಮೇಲೆ ಪರ್ಷಿಯಾದ ಷಾ ಅಬ್ಬಾಸ್, ಇಬ್ಬರೂ ತಬ್ಬಿಕೊಂಡಿದ್ದಾರೆ. ಹಿಂದಿನ ಪ್ರಭೆಯನ್ನು ಯೂರೋಪಿನ ಚಿತ್ರಗಳಿಂದ ಬಂದ ರೆಕ್ಕೆಯ ಮಕ್ಕಳು ಎತ್ತಿ ಹಿಡಿದಿದ್ದಾರೆ. ಸರಿಯಾಗಿ ನೋಡಿದರೆ ಸಿಂಹ ಮೆಲ್ಲಗೆ ಕುರಿಯನ್ನು ಮೆಡಿಟರೇನಿಯನ್ ಸಮುದ್ರದ ಕಡೆಗೆ ತಳ್ಳುತ್ತಾ ಇದೆ! ಬೈಬಲ್ಲಿನ ಚಿತ್ರದಲ್ಲಿ ಪ್ರಾಣಿಗಳ ನಡುವೆ ಗೋದಲಿ ಇತ್ತು. ಬೆನ್ನ ಮೇಲೆ ಯಾರೂ ನಿಂತಿರಲಿಲ್ಲ. ಇಲ್ಲಿ ಗೋದಲಿ ಹೋಯಿತು, ರಾಜರು ಬಂದರು.

ನಿಜಕ್ಕೂ ಆ ಇಬ್ಬರು ಭೇಟಿಯಾಗಲೇ ಇಲ್ಲ. 1622ರಲ್ಲಿ ಅದೇ ಅಬ್ಬಾಸ್ ಕಂದಹಾರವನ್ನು ಕಿತ್ತುಕೊಂಡ.

ಇನ್ನೊಂದು ಚಿತ್ರ ಇದಕ್ಕಿಂತ ವಿಚಿತ್ರ. ಮೀನಿನ ಮೇಲೆ ಎತ್ತು, ಎತ್ತಿನ ಮೇಲೆ ಭೂಗೋಳ, ಅದರ ಮೇಲೆ ನಿಂತು ಜಹಾಂಗೀರ್ ಈಟಿಗೆ ಸಿಕ್ಕಿಸಿದ ಮಲಿಕ್ ಅಂಬರನ ತಲೆಗೆ ಬಾಣ ಬಿಡುತ್ತಿದ್ದಾನೆ. ದಖ್ಖನ್ನಿನ ಆ ವೀರ ಮೊಗಲರ ಕೈಗೆ ಸಿಗದೆ 1626ರಲ್ಲಿ ಸಹಜವಾಗಿಯೇ ಸತ್ತ. ರಣರಂಗದಲ್ಲಿ ಆಗದ್ದು ಕಾಗದದ ಮೇಲೆ ಆಯಿತು, ಅಷ್ಟೆ.

1627ರ ಅಕ್ಟೋಬರಿನಲ್ಲಿ, ಕಾಶ್ಮೀರದಿಂದ ಹಿಂತಿರುಗುವ ದಾರಿಯಲ್ಲಿ ಜಹಾಂಗೀರ್ ತೀರಿಕೊಂಡ. ಸಮಾಧಿ ಲಾಹೋರಿನಲ್ಲಿದೆ. ಸಿಂಹ-ಕುರಿಯ ಚಿತ್ರ ಈಗ ದೂರದ ವಾಷಿಂಗ್ಟನ್ನಿನಲ್ಲಿದೆ. ಸಿಂಹ ಇನ್ನೂ ತಳ್ಳುತ್ತಲೇ ಇದೆ.