ಡಬ್ಬಿಯ ಸಣ್ಣ ಅಕ್ಷರ ಓದಲು ಕಲಿಸಿದ ರೇಚಲ್ ಕಾರ್ಸನ್



ಈ ಸಂಚಿಕೆಗೆ ಒಬ್ಬ ವಿಜ್ಞಾನಿಯ ಬದುಕನ್ನು ಬರೆಯಬೇಕೆಂದಾಗ ನಾನು ಅಮೆರಿಕದ ರೇಚಲ್ ಕಾರ್ಸನ್ ಅವರನ್ನು ಆರಿಸಿಕೊಂಡೆ. ಅವರು ತೀರಿಕೊಂಡು ಅರವತ್ತು ವರ್ಷ ದಾಟಿದೆ. ಅವರು ಯಂತ್ರ ಕಂಡುಹಿಡಿಯಲಿಲ್ಲ, ನೊಬೆಲ್ ಬಹುಮಾನವನ್ನೂ ಪಡೆಯಲಿಲ್ಲ. ಆದರೆ ಅಂಗಡಿಯಿಂದ ಮನೆಗೆ ತರುವ ಒಂದು ಡಬ್ಬಿಯನ್ನು ಹೇಗೆ ನೋಡಬೇಕು ಎಂಬುದನ್ನು ಅವರಷ್ಟು ಧೈರ್ಯವಾಗಿ ಹೇಳಿದವರು ಕಡಿಮೆ.

ನಾನು ಮುದನಾಳದವಳು. ನಮ್ಮ ಕಡೆ ಹತ್ತಿ, ತೊಗರಿ, ಭತ್ತ ಬೆಳೆಯುತ್ತಾರೆ. ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿ ಎಷ್ಟೋ ಮನೆಗಳಲ್ಲಿ ಜೋಳದ ಚೀಲದ ಪಕ್ಕದಲ್ಲೇ ಇರುತ್ತದೆ. ಹಾಗಾಗಿ ಇವರ ಕಥೆ ದೂರದ ದೇಶದ್ದಾದರೂ ನನಗೆ ನಮ್ಮ ಓಣಿಯ ಮಾತಿನಂತೆ ಕಂಡಿತು.

ರೇಚಲ್ ಹುಟ್ಟಿದ್ದು 1907ರ ಮೇ 27ರಂದು, ಪೆನ್ಸಿಲ್ವೇನಿಯಾ ರಾಜ್ಯದ ಸ್ಪ್ರಿಂಗ್‌ಡೇಲ್ ಎಂಬ ಸಣ್ಣ ಊರಿನಲ್ಲಿ. ಹತ್ತಿರದಲ್ಲೇ ಅಲೆಘೆನಿ ನದಿ. ತಾಯಿ ಮರಿಯಾ ಮದುವೆಗೆ ಮೊದಲು ಶಾಲಾ ಶಿಕ್ಷಕಿಯಾಗಿದ್ದವರು. ಮಗಳನ್ನು ಹೊಲ, ಗಿಡಮರಗಳ ನಡುವೆ ಸುತ್ತಾಡಿಸಿ ಹಕ್ಕಿ, ಹುಳುಗಳನ್ನು ಗಮನಿಸಲು ಕಲಿಸಿದರು. ಹನ್ನೊಂದನೇ ವಯಸ್ಸಿಗೆ ರೇಚಲ್ ಬರೆದ ಕಥೆ ಮಕ್ಕಳ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಲೇಖಕಿಯಾಗಬೇಕೆಂಬುದೇ ಅವರ ಆಸೆಯಾಗಿತ್ತು.

1925ರಲ್ಲಿ ಅವರು ಹೆಣ್ಣುಮಕ್ಕಳ ಕಾಲೇಜಿಗೆ ಇಂಗ್ಲಿಷ್ ಓದಲು ಸೇರಿದರು. ಅಲ್ಲಿ ಮೇರಿ ಸ್ಕಿಂಕರ್ ಎಂಬ ಅಧ್ಯಾಪಕಿಯ ಪಾಠ ಕೇಳಿ ಜೀವಶಾಸ್ತ್ರಕ್ಕೆ ಬದಲಾದರು. ವಿಜ್ಞಾನ ಹೆಣ್ಣುಮಕ್ಕಳಿಗೆ ತಕ್ಕದ್ದಲ್ಲ ಎಂದು ಅನೇಕರು ನಂಬಿದ್ದ ಕಾಲ ಅದು. 1932ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಎಂ.ಎ. ಪದವಿ ಪಡೆದರು. ಡಾಕ್ಟರೇಟ್ ಮಾಡುವ ಆಸೆ ಇತ್ತು, ಮನೆಯಲ್ಲಿ ಹಣವಿರಲಿಲ್ಲ. 1934ರಲ್ಲಿ ಓದು ನಿಲ್ಲಿಸಬೇಕಾಯಿತು. ಮರುವರ್ಷ ತಂದೆ ತೀರಿಕೊಂಡರು.

ಸರ್ಕಾರದ ಮೀನುಗಾರಿಕೆ ಇಲಾಖೆಗೆ ಆಗ ರೇಡಿಯೊ ಕಾರ್ಯಕ್ರಮ ಬರೆಯುವವರು ಬೇಕಾಗಿದ್ದರು. ಏಳು ನಿಮಿಷದ 52 ಕಂತುಗಳನ್ನು ರೇಚಲ್ ಬರೆದುಕೊಟ್ಟರು. 1936ರಲ್ಲಿ ಪರೀಕ್ಷೆ ಬರೆದು ಅದೇ ಇಲಾಖೆಯಲ್ಲಿ ಜೀವಶಾಸ್ತ್ರಜ್ಞೆಯಾಗಿ ಕೆಲಸಕ್ಕೆ ಸೇರಿದರು. 1937ರಲ್ಲಿ ಅಕ್ಕ ತೀರಿಕೊಂಡಾಗ ಅವರ ಇಬ್ಬರು ಹೆಣ್ಣುಮಕ್ಕಳ ಜವಾಬ್ದಾರಿಯೂ ಇವರ ಮೇಲೆ ಬಿತ್ತು. ಹಗಲು ಕಚೇರಿ, ರಾತ್ರಿ ಬರವಣಿಗೆ. 1951ರಲ್ಲಿ ಸಮುದ್ರದ ಬಗ್ಗೆ ಬರೆದ ಪುಸ್ತಕ 86 ವಾರಗಳ ಕಾಲ ಹೆಚ್ಚು ಮಾರಾಟವಾದ ಪುಸ್ತಕಗಳ ಪಟ್ಟಿಯಲ್ಲಿತ್ತು. ಅದರ ನಂತರವೇ ಅವರು ನೌಕರಿ ಬಿಟ್ಟು ಪೂರ್ತಿ ಬರವಣಿಗೆಗೆ ಇಳಿದದ್ದು. ಮುಂದೆ ಅಕ್ಕನ ಮಗಳೂ ತೀರಿಕೊಂಡಾಗ ಅವಳ ಐದು ವರ್ಷದ ಮಗ ರೋಜರ್‌ನನ್ನು ದತ್ತು ತೆಗೆದುಕೊಂಡರು. ಆಗ ಅವರಿಗೆ ಸುಮಾರು ಐವತ್ತು ವರ್ಷ.

ಇನ್ನು ಡಿಡಿಟಿಯ ವಿಷಯಕ್ಕೆ ಬರುತ್ತೇನೆ. ಅದು ಕೀಟಗಳನ್ನು ಕೊಲ್ಲುತ್ತದೆ ಎಂಬುದನ್ನು 1939ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ ಕಂಡುಕೊಂಡರು. ಎರಡನೇ ಮಹಾಯುದ್ಧದಲ್ಲಿ ಹೇನಿನಿಂದ ಹರಡುವ ಟೈಫಸ್ ಜ್ವರವನ್ನೂ ಮಲೇರಿಯಾವನ್ನೂ ತಡೆಯಲು ಅದು ನೆರವಾಯಿತು. 1948ರಲ್ಲಿ ಮುಲ್ಲರ್ ಅವರಿಗೆ ನೊಬೆಲ್ ಬಂತು. ಯುದ್ಧ ಮುಗಿದ ಮೇಲೆ ಅದೇ ಡಿಡಿಟಿ ಮತ್ತು ಅದರ ಬಳಗದ ವಿಷಗಳು ಮನೆಬಳಕೆಯ ವಸ್ತುಗಳಾಗಿ ಅಂಗಡಿಗೆ ಬಂದವು. ಮಕ್ಕಳ ಕೋಣೆಯ ಗೋಡೆಗೆ ಅಂಟಿಸುವ ಕಾಗದ, ಅಡುಗೆಮನೆಯ ಗೂಡಿಗೆ ಹಾಸುವ ಕಾಗದ, ನೆಲಕ್ಕೆ ಹಚ್ಚುವ ಪಾಲಿಶ್, ಎಲ್ಲದರಲ್ಲೂ ಕೀಟನಾಶಕ ಸೇರಿಸಿ ಮಾರಿದರು. ನಗುವ ಗೃಹಿಣಿಯ ಚಿತ್ರವಿರುವ ಜಾಹೀರಾತು ನೋಡಿ ಜನ ಕೊಂಡರು. ಒಳಗೆ ಏನಿದೆ ಎಂದು ಕೇಳಿದವರು ಕಡಿಮೆ.

1958ರ ಜನವರಿಯಲ್ಲಿ ರೇಚಲ್ ಅವರಿಗೆ ಗೆಳತಿ ಓಲ್ಗಾ ಹಕಿನ್ಸ್ ಅವರಿಂದ ಒಂದು ಪತ್ರ ಬಂತು. ಸೊಳ್ಳೆ ಕೊಲ್ಲಲೆಂದು ವಿಮಾನದಿಂದ ಡಿಡಿಟಿ ಸಿಂಪಡಿಸಿದ ಮೇಲೆ ತಮ್ಮ ಮನೆಯಂಗಳದಲ್ಲಿ ಹಕ್ಕಿಗಳು ಸತ್ತು ಬಿದ್ದವು ಎಂದು ಅವರು ತಿಳಿಸಿದ್ದರು. ಈ ವಿಷಯವನ್ನು ಬೇರೆ ಯಾರಾದರೂ ಬರೆಯಲಿ ಎಂದು ರೇಚಲ್ ಮೊದಲು ಪ್ರಯತ್ನಿಸಿದರು. ಯಾರೂ ಮುಂದೆ ಬರದಿದ್ದಾಗ ತಾವೇ ಕೂತರು. ನಾಲ್ಕು ವರ್ಷ ವಿಜ್ಞಾನಿಗಳಿಗೆ, ವೈದ್ಯರಿಗೆ, ಅಧಿಕಾರಿಗಳಿಗೆ ಪತ್ರ ಬರೆದು ಆಧಾರ ಕೂಡಿಹಾಕಿದರು. ಮರದ ರೋಗ ತಡೆಯಲು ಎಲ್ಮ್ ಮರಗಳಿಗೆ ಡಿಡಿಟಿ ಹೊಡೆದಾಗ ಏನಾಯಿತು ಎಂಬುದನ್ನು ಹಂತ ಹಂತವಾಗಿ ತೋರಿಸಿದರು. ವಿಷ ಬಿದ್ದ ಎಲೆ ನೆಲಕ್ಕೆ ಉದುರಿತು, ಎಲೆಯನ್ನು ಎರೆಹುಳು ತಿಂದಿತು, ಎರೆಹುಳುವನ್ನು ರಾಬಿನ್ ಹಕ್ಕಿ ತಿಂದು ಸತ್ತಿತು. ಡಿಡಿಟಿ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಆದ್ದರಿಂದ ಅದು ದೇಹದಲ್ಲಿ ಉಳಿದು ಆಹಾರ ಸರಪಳಿಯಲ್ಲಿ ಮೇಲೇರಿದಂತೆ ಹೆಚ್ಚುತ್ತದೆ. ತಾಯಿಯ ಹಾಲಿನಲ್ಲೂ ಅದು ಸಿಕ್ಕಿತು.

1962ರ ಸೆಪ್ಟೆಂಬರ್ 27ರಂದು ಅವರ ಪುಸ್ತಕ 'ಸೈಲೆಂಟ್ ಸ್ಪ್ರಿಂಗ್' ಹೊರಬಂತು. ಅದರಲ್ಲಿ ಒಂದು ಅಧ್ಯಾಯ ಮನೆಬಳಕೆಯ ರಾಸಾಯನಿಕಗಳದ್ದೇ. ಔಷಧಿ ಅಂಗಡಿಯಲ್ಲಿ ಅಪಾಯದ ಔಷಧಿ ಕೊಳ್ಳುವವರು ಸಹಿ ಮಾಡಬೇಕು, ಆದರೆ ಅದಕ್ಕಿಂತ ಬಲವಾದ ವಿಷವನ್ನು ಉಪ್ಪಿನಕಾಯಿ ಮತ್ತು ಸೋಪಿನ ಹತ್ತಿರ, ಮಗುವಿನ ಕೈಗೆಟಕುವಂತೆ ಇಟ್ಟು ಮಾರುತ್ತಾರೆ ಎಂದು ಅವರು ತೋರಿಸಿದರು. ಡಬ್ಬಿಯ ಎಚ್ಚರಿಕೆ ಬಹಳ ಸಣ್ಣ ಅಕ್ಷರದಲ್ಲಿರುತ್ತದೆ, ಅದು ಅಲ್ಲಿದೆ ಎಂಬುದೇ ನೂರರಲ್ಲಿ ಹದಿನೈದು ಮಂದಿಗೂ ಗೊತ್ತಿಲ್ಲ ಎಂಬ ಸಮೀಕ್ಷೆಯನ್ನೂ ಉದಾಹರಿಸಿದರು. ಈ ಅಧ್ಯಾಯದ ವಿಷಯ ತಿಳಿದಾಗ ನನಗೆ ನಮ್ಮ ಕಿರಾಣಿ ಅಂಗಡಿ ನೆನಪಾಯಿತು. ಇಲಿ ಪಾಷಾಣ, ಬಿಸ್ಕತ್ತು, ಬೇಳೆ ಒಂದೇ ಕಟ್ಟೆಯ ಮೇಲೆ.

ಪುಸ್ತಕ ಬಂದ ಮೇಲೆ ರಾಸಾಯನಿಕ ಕಂಪನಿಗಳು ಅವರ ಮೇಲೆ ಮುಗಿಬಿದ್ದವು. ಭಾವುಕ ಹೆಂಗಸು ಎಂದು ಹೀಯಾಳಿಸಿದರು. ಮೊಕದ್ದಮೆಯ ಬೆದರಿಕೆಯೂ ಬಂತು. ಆ ಹೊತ್ತಿಗೆ ಅವರಿಗೆ ಸ್ತನ ಕ್ಯಾನ್ಸರ್ ಆಗಿತ್ತು. 1960ರಲ್ಲೇ ಶಸ್ತ್ರಚಿಕಿತ್ಸೆ ನಡೆದಿತ್ತು. ತಮ್ಮ ಕಾಯಿಲೆಯ ಸಿಟ್ಟಿನಿಂದ ಬರೆದ ಪುಸ್ತಕ ಇದು ಎಂದು ಯಾರೂ ತಳ್ಳಿಹಾಕಬಾರದೆಂದು ಅದನ್ನು ಅವರು ಗುಟ್ಟಾಗಿಟ್ಟರು. ಪುಸ್ತಕದ ಕೊನೆಯಲ್ಲಿ ಐವತ್ತಕ್ಕೂ ಹೆಚ್ಚು ಪುಟಗಳ ಆಧಾರ ಪಟ್ಟಿ ಇತ್ತು. ಅದೇ ಅವರ ಉತ್ತರವಾಗಿತ್ತು. 1963ರ ಮೇ ತಿಂಗಳಲ್ಲಿ ಅಧ್ಯಕ್ಷ ಕೆನಡಿಯವರ ವಿಜ್ಞಾನ ಸಲಹಾ ಸಮಿತಿಯ ವರದಿ ಅವರ ಮಾತನ್ನು ಎತ್ತಿಹಿಡಿಯಿತು. ಜೂನ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ನೋವಿನಲ್ಲೇ ಕೂತು ಸಾಕ್ಷಿ ಹೇಳಿದರು. 1964ರ ಏಪ್ರಿಲ್ 14ರಂದು, 56ನೇ ವಯಸ್ಸಿನಲ್ಲಿ, ತೀರಿಕೊಂಡರು. 1972ರಲ್ಲಿ ಅಮೆರಿಕ ಡಿಡಿಟಿಯ ಹೆಚ್ಚಿನ ಬಳಕೆಯನ್ನು ನಿಷೇಧಿಸಿದ್ದನ್ನು ನೋಡಲು ಅವರು ಇರಲಿಲ್ಲ.

ಅವರು ಎಲ್ಲ ರಾಸಾಯನಿಕಗಳನ್ನೂ ವಿರೋಧಿಸಿದರು ಎಂದು ಕೆಲವರು ತಿಳಿಯುತ್ತಾರೆ. ಅದು ಸರಿಯಲ್ಲ. ರೋಗ ಹರಡುವ ಕೀಟಗಳನ್ನು ತಡೆಯಲೇಬೇಕೆಂದು ಅವರೂ ಒಪ್ಪಿದ್ದರು. ಆದರೆ ವಿಷವನ್ನು ಎಲ್ಲೆಂದರಲ್ಲಿ ಸುರಿದರೆ ಕೀಟಗಳು ಅದನ್ನು ತಾಳಿಕೊಳ್ಳಲು ಕಲಿಯುತ್ತವೆ, ಬೇಕಾದಾಗ ಔಷಧಿ ಕೆಲಸ ಮಾಡುವುದಿಲ್ಲ ಎಂದು ಎಚ್ಚರಿಸಿದ್ದರು. ಭಾರತದಲ್ಲಿ ಕೃಷಿಗೆ ಡಿಡಿಟಿ ನಿಷೇಧವಾಗಿದ್ದು 1989ರಲ್ಲಿ.

ರೇಚಲ್ ಅವರಿಗೆ ಪತ್ರ ಬಂದ ಅದೇ 1958ರಲ್ಲಿ ನಮ್ಮ ಪಕ್ಕದ ಕೇರಳದಲ್ಲಿ ಒಂದು ದುರಂತ ನಡೆಯಿತು. ಪ್ಯಾರಾಥಿಯಾನ್ ಎಂಬ ಕೀಟನಾಶಕದ ಜೊತೆ ಒಂದೇ ಹಡಗಿನಲ್ಲಿ ಬಂದ ಗೋಧಿ ಹಿಟ್ಟು ವಿಷವಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ಆ ಘಟನೆಯಿಂದಲೇ ಮುಂದೆ 1968ರ ಕೀಟನಾಶಕ ಕಾಯ್ದೆ ಬಂತು. ಕನ್ನಡ ಮಾತಾಡುವ ಜನರಿರುವ ಕಾಸರಗೋಡು ಜಿಲ್ಲೆಯ ಪಡ್ರೆ, ಎಣ್ಮಕಜೆ ಕಡೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಅಲ್ಲಿ ಕಾಯಿಲೆ ಮತ್ತು ಅಂಗವಿಕಲತೆಯೊಂದಿಗೆ ಬದುಕುತ್ತಿರುವ ಮಕ್ಕಳ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು.

ಕಾನೂನು ಬಂದಿದೆ. ಆದರೆ ಡಬ್ಬಿಯನ್ನು ಓದುವ ಕೆಲಸ ಈಗಲೂ ನಮ್ಮದೇ. ಕೀಟನಾಶಕದ ಪ್ರತಿ ಡಬ್ಬಿಯ ಮೇಲೂ ಓರೆಯಾಗಿ ನಿಲ್ಲಿಸಿದ ಒಂದು ಚೌಕ ಇರುತ್ತದೆ. ಅದರ ಕೆಳಭಾಗದ ಬಣ್ಣ ಕೆಂಪಾದರೆ ಅತಿ ಘೋರ ವಿಷ. ಹಳದಿ ಅದಕ್ಕಿಂತ ಕಡಿಮೆ, ನೀಲಿ ಇನ್ನೂ ಕಡಿಮೆ, ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರಾದರೂ ಅದು ವಿಷವೇ. ಅಕ್ಷರ ಬಾರದವರಿಗೂ ಈ ಬಣ್ಣ ಹೇಳಿಕೊಡಬಹುದು. ನಮ್ಮ ನಾನಿಗೆ ನಾನು ಐದೇ ನಿಮಿಷದಲ್ಲಿ ಹೇಳಿಕೊಟ್ಟೆ. ಈಗ ಅವರು ಅಂಗಡಿಯವನಿಗೇ ಬಣ್ಣ ತೋರಿಸಿ ಕೇಳುತ್ತಾರೆ.

ರೇಚಲ್ ಅವರ ಪ್ರಶ್ನೆಯನ್ನು, ಅಂದರೆ ಒಳಗೆ ಏನಿದೆ ಎಂಬುದನ್ನು, ನಮ್ಮ ಮನೆಯ ವಸ್ತುಗಳಿಗೆ ಹಾಕಿ ನೋಡಿದೆ. ಕಾಳಿಗೆ ಹುಳ ಬೀಳದಂತೆ ಇಡುವ ಗುಳಿಗೆ ಅಲ್ಯೂಮಿನಿಯಂ ಫಾಸ್ಫೈಡ್ ಆಗಿದ್ದರೆ, ತೇವ ತಾಗಿದಾಗ ಅದರಿಂದ ಫಾಸ್ಫೀನ್ ಅನಿಲ ಬರುತ್ತದೆ. ಅಂಥ ಕೋಣೆಯಲ್ಲಿ ಮಲಗಿದವರು ಸತ್ತ ಉದಾಹರಣೆಗಳಿವೆ. ಜೋಳವನ್ನು ಚೆನ್ನಾಗಿ ಒಣಗಿಸಿ, ಒಣ ಬೇವಿನ ಎಲೆ ಹಾಕಿ ಬಾಯಿ ಬಿಗಿದಿಡುವುದು ನಮ್ಮ ಹಿರಿಯರ ಪದ್ಧತಿ. ಶೌಚಾಲಯ ತೊಳೆಯುವ ಆ್ಯಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಕೂಡಿಸಿದರೆ ಕ್ಲೋರಿನ್ ಅನಿಲ ಬಂದು ಉಸಿರು ಕಟ್ಟುತ್ತದೆ. ಕಿಟಕಿ ಮುಚ್ಚಿ ಸೊಳ್ಳೆಬತ್ತಿ ಹಚ್ಚುವುದಕ್ಕಿಂತ ಸೊಳ್ಳೆಪರದೆ ಕಟ್ಟುವುದು, ನಿಂತ ನೀರು ಚೆಲ್ಲುವುದು ಒಳ್ಳೆಯದು. ಎಣ್ಣೆಯ ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ಅದರಲ್ಲಿ ನೀರು, ಅಡುಗೆ ಎಣ್ಣೆ ಇಡಬಾರದು. ಅದಕ್ಕೆ ತೂತು ಹೊಡೆದುಬಿಡಬೇಕು.

ನೈಸರ್ಗಿಕ ಎಂದು ಬರೆದ ಮಾತ್ರಕ್ಕೆ ನಂಬುವಂತಿಲ್ಲ. ಚಾಂದ್ ರಾತ್‌ನಲ್ಲಿ ನಾವು ಹಚ್ಚಿಕೊಳ್ಳುವ ಮೆಹಂದಿಯನ್ನೇ ನೋಡಿ. ಅಸಲಿ ಗೋರಂಟಿ ಕೆಲವು ಗಂಟೆ ಕಳೆದ ಮೇಲೆ ಕೆಂಪು ಕಂದು ಬಣ್ಣ ಕೊಡುತ್ತದೆ. ಅರ್ಧ ಗಂಟೆಯಲ್ಲಿ ಕಪ್ಪಾಗುವ ಕೋನ್‌ನಲ್ಲಿ ಕೂದಲಿಗೆ ಹಚ್ಚುವ ಬಣ್ಣದ ಪಿಪಿಡಿ ಎಂಬ ರಾಸಾಯನಿಕ ಇರಬಹುದು. ಅದರಿಂದ ಚರ್ಮ ಬೊಬ್ಬೆ ಬರುತ್ತದೆ. ಕೂಸಿನ ಕಣ್ಣಿಗೆ ಹಚ್ಚುವ ಸುರ್ಮಾದಲ್ಲೂ ಎಷ್ಟೋ ಸಲ ಸೀಸದ ಸಲ್ಫೈಡ್ ಇರುತ್ತದೆ. ಸೀಸ ಮಕ್ಕಳ ಮಿದುಳಿಗೆ ಕೆಡುಕು ಮಾಡುತ್ತದೆ.

ಸ್ನೇಹಿತರೇ, ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಂದ ಬರುವ ನಮ್ಮಲ್ಲಿ ಅನೇಕರು ಮನೆಯಲ್ಲಿ ಮೊದಲ ಬಾರಿಗೆ ಪಿಯುಸಿ ಮೆಟ್ಟಿಲು ಹತ್ತಿದವರು. ಡಬ್ಬಿಯ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರ ಓದಬಲ್ಲವರು ಮನೆಯಲ್ಲಿ ಎಷ್ಟೋ ಸಲ ನಾವೊಬ್ಬರೇ. ಅಬ್ಬಾ ಹೊಲಕ್ಕೆ ಹೊರಡುವ ಮುಂಚೆ, ಅಮ್ಮಿ ಮೂಲೆಯ ಡಬ್ಬಿಗೆ ಕೈಹಾಕುವ ಮುಂಚೆ ಅದನ್ನು ಅವರಿಗೆ ಓದಿ ಹೇಳಬೇಕಾದವರು ನಾವೇ. ರೇಚಲ್ ಕಾರ್ಸನ್ ಒಂದು ದೇಶಕ್ಕೆ ಓದಿ ಹೇಳಿದರು. ನಮಗೆ ಒಂದು ಮನೆ ಸಾಕು. ಇವತ್ತು ಸಂಜೆ ನಿಮ್ಮ ಮನೆಯ ಮಾಡದಲ್ಲಿ, ಮಂಚದ ಕೆಳಗೆ ಇರುವ ಡಬ್ಬಿಗಳನ್ನು ಒಂದೊಂದಾಗಿ ಹೊರಗೆ ತೆಗೆದು ಓದಿ ನೋಡಿ.