ಡೊನಾಲ್ಡ್ ಬೈಲಿ

ಸರ್ ಡೊನಾಲ್ಡ್ ಕೋಲ್‌ಮನ್ ಬೈಲಿ (15 ಸೆಪ್ಟೆಂಬರ್ 1901 – 5 ಮೇ 1985) ಇಂಗ್ಲೆಂಡಿನ ಸಿವಿಲ್ ಇಂಜಿನಿಯರ್. ಬಿಡಿಭಾಗಗಳನ್ನು ಜೋಡಿಸಿ ಅಲ್ಪಕಾಲದಲ್ಲಿ ನಿರ್ಮಿಸಬಹುದಾದ, ಇಂದಿಗೂ ಅವರ ಹೆಸರಿನಿಂದಲೇ ಕರೆಯಲ್ಪಡುವ ಬೈಲಿ ಸೇತುವೆಯ ವಿನ್ಯಾಸಕಾರರು. ಸೇತುವೆಗಳ ಕಿರುಮಾದರಿಗಳನ್ನು ತಯಾರಿಸುವುದು ಅವರ ಹವ್ಯಾಸವಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಭಾರವಾದ ಟ್ಯಾಂಕುಗಳನ್ನು ನದಿ ದಾಟಿಸಲು ಮಿತ್ರರಾಷ್ಟ್ರಗಳ ಸೇನೆಗಳು ಈ ಸೇತುವೆಯನ್ನು ಅವಲಂಬಿಸಿದವು. ಯುದ್ಧಾನಂತರ ಪ್ರವಾಹ, ಭೂಕುಸಿತಗಳಂತಹ ವಿಪತ್ತಿನ ಸಂದರ್ಭಗಳಲ್ಲಿ ಕಡಿದುಹೋದ ಊರುಗಳನ್ನು ಮರಳಿ ಸಂಪರ್ಕಿಸಲು ಅದು ಜಗತ್ತಿನಾದ್ಯಂತ ಬಳಕೆಗೆ ಬಂದಿತು.

ಜನನ ಮತ್ತು ಶಿಕ್ಷಣ

ಬೈಲಿಯವರು ಕಬ್ಬಿಣ ಮತ್ತು ಉಕ್ಕಿನ ಉದ್ಯಮಕ್ಕೆ ಹೆಸರಾದ ಯಾರ್ಕ್‌ಷೈರ್ ಪ್ರಾಂತದ ರಾದರ್‌ಹ್ಯಾಮ್ ಪಟ್ಟಣದಲ್ಲಿ ಜನಿಸಿದರು. ಅದೇ ವರ್ಷ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿಯವರು, ಮುಂದೆ ಮೆಕ್ಯಾನೊ ಎಂದು ಪ್ರಸಿದ್ಧವಾದ ಆಟಿಕೆಗೆ ಪೇಟೆಂಟ್ ಪಡೆದರು. ರಂಧ್ರಗಳಿರುವ ಲೋಹದ ಪಟ್ಟಿಗಳನ್ನು ತಿರುಪುಗಳಿಂದ ಜೋಡಿಸಿ ಬೇಕಾದ ಯಂತ್ರ, ವಾಹನ, ಸೇತುವೆಗಳ ಮಾದರಿಯನ್ನು ಕಟ್ಟುವ ಆಟ ಅದು. ಬೈಲಿ ಸೇತುವೆಯನ್ನು ಮುಂದೆ ಹಲವರು ಈ ಆಟಿಕೆಗೆ ಹೋಲಿಸಿದ್ದಾರೆ.

ಬೈಲಿಯವರ ಶಾಲಾ ಶಿಕ್ಷಣ ರಾದರ್‌ಹ್ಯಾಮ್ ಗ್ರಾಮರ್ ಶಾಲೆಯಲ್ಲಿಯೂ ಕೇಂಬ್ರಿಜ್‌ನ ಲೀಸ್ ಶಾಲೆಯಲ್ಲಿಯೂ ನಡೆಯಿತು. ಅನಂತರ ಅವರು ಶೆಫೀಲ್ಡ್ ವಿಶ್ವವಿದ್ಯಾಲಯವನ್ನು ಸೇರಿ 1923ರಲ್ಲಿ ಇಂಜಿನಿಯರಿಂಗ್ ಪದವಿಯನ್ನು ಪಡೆದರು.

ವೃತ್ತಿಜೀವನದ ಆರಂಭ

ಪದವಿಯ ನಂತರ ಬೈಲಿಯವರು ಯಾರ್ಕ್ ನಗರದ ಪ್ರಸಿದ್ಧ ಮಿಠಾಯಿ ಸಂಸ್ಥೆಯಾದ ರೌನ್‌ಟ್ರೀಯಲ್ಲಿ ಕೆಲಸ ಮಾಡಿದರು. ಬಳಿಕ ಲಂಡನ್, ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್ ರೈಲ್ವೆಯಲ್ಲಿ ಹಾಗೂ ಶೆಫೀಲ್ಡ್ ನಗರದ ಇಂಜಿನಿಯರಿಂಗ್ ವಿಭಾಗದಲ್ಲಿ ಸೇವೆ ಸಲ್ಲಿಸಿದರು. 1928ರಲ್ಲಿ ದಕ್ಷಿಣ ಕರಾವಳಿಯ ಕ್ರೈಸ್ಟ್‌ಚರ್ಚ್ ಪಟ್ಟಣದಲ್ಲಿದ್ದ ಸೇನೆಯ ಪ್ರಾಯೋಗಿಕ ಸೇತುವೆ ಸಂಸ್ಥೆಯನ್ನು ಸೇರಿದರು. ಅವರು ಸೈನಿಕರಾಗಿರಲಿಲ್ಲ, ಯುದ್ಧ ಇಲಾಖೆಯ ನಾಗರಿಕ ನೌಕರರಾಗಿದ್ದರು. ಅವರ ಮುಂದಿನ ಸಾಧನೆಯೆಲ್ಲ ಈ ಸಂಸ್ಥೆಯೊಂದಿಗೆ ಬೆಸೆದುಕೊಂಡಿದೆ.

ಕಿರುಮಾದರಿಗಳ ಹವ್ಯಾಸ ಮತ್ತು 1936ರ ಪ್ರಸ್ತಾವ

ಕಚೇರಿಯ ಕೆಲಸದ ಜೊತೆಗೆ ಬೈಲಿಯವರು ಮಾದರಿ ಸೇತುವೆಗಳನ್ನು ಕಟ್ಟುವ, ಬಿಚ್ಚುವ, ಮತ್ತೆ ಬೇರೆ ರೀತಿಯಲ್ಲಿ ಜೋಡಿಸುವ ಹವ್ಯಾಸವನ್ನು ಬೆಳೆಸಿಕೊಂಡಿದ್ದರು. ಪ್ರತಿಯೊಂದು ನದಿಗೂ ಪ್ರತ್ಯೇಕ ಸೇತುವೆಯನ್ನು ವಿನ್ಯಾಸಗೊಳಿಸುವ ಬದಲು, ಒಂದೇ ಅಳತೆಯ ಚೌಕಟ್ಟನ್ನು ಮತ್ತೆ ಮತ್ತೆ ಬಳಸಿ ಬೇಕಾದ ಉದ್ದವನ್ನೂ ಬೇಕಾದ ಬಲವನ್ನೂ ಪಡೆಯಬಹುದು ಎಂಬುದು ಅವರ ವಿನ್ಯಾಸದ ತಿರುಳು.

1936ರಲ್ಲಿ ಅವರು ಇಂತಹ ಸೇತುವೆಯ ಆರಂಭಿಕ ರೂಪವನ್ನು ಮೇಲಧಿಕಾರಿಗಳ ಮುಂದಿಟ್ಟರು. ಆದರೆ ಆ ಪ್ರಸ್ತಾವದ ಮೇಲೆ ಯಾವ ಕ್ರಮವೂ ಜರುಗಲಿಲ್ಲ. ಸೇನೆಯ ಬಳಿ ಆಗಲೇ ಇತರ ಸೇತುವೆಗಳಿದ್ದವು. ಅವುಗಳಲ್ಲಿ ಒಂದು, ಕೇಂಬ್ರಿಜ್‌ನ ಪ್ರಾಧ್ಯಾಪಕ ಚಾರ್ಲ್ಸ್ ಇಂಗ್ಲಿಸ್ ಅವರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಉಕ್ಕಿನ ಕೊಳವೆಗಳಿಂದ ರೂಪಿಸಿದ್ದ ಸೇತುವೆ.

ವಿನ್ಯಾಸಕ್ಕೆ ದೊರೆತ ಮನ್ನಣೆ

ಎರಡನೆಯ ಮಹಾಯುದ್ಧ ಆರಂಭವಾದ ಮೇಲೆ ಪರಿಸ್ಥಿತಿ ಬದಲಾಯಿತು. ಟ್ಯಾಂಕುಗಳ ತೂಕ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು. ಚರ್ಚಿಲ್ ಟ್ಯಾಂಕಿನ ತೂಕ ಸುಮಾರು 40 ಟನ್ ತಲುಪಿತು. ಕಾಲಾಳುಗಳು ದೋಣಿಯಲ್ಲಿ ನದಿ ದಾಟಿದರೂ, ಅವರ ಹಿಂದೆ ಟ್ಯಾಂಕು, ಫಿರಂಗಿ, ಮದ್ದುಗುಂಡುಗಳ ಲಾರಿಗಳು ದಾಟದಿದ್ದರೆ ಆಚೆ ದಡದಲ್ಲಿ ನಿಂತವರು ಶತ್ರುವಿನ ಪ್ರತಿದಾಳಿಗೆ ಒಂಟಿಯಾಗಿ ತುತ್ತಾಗಬೇಕಾಗುತ್ತಿತ್ತು. ಸೇತುವೆ ಸಿದ್ಧವಾಗಲು ತಗಲುವ ಪ್ರತಿಯೊಂದು ಗಂಟೆಗೂ ಪ್ರಾಣಗಳ ಬೆಲೆಯಿತ್ತು.

1940ರಲ್ಲಿ ಬೈಲಿಯವರು ತಮ್ಮ ವಿಚಾರವನ್ನು ಮತ್ತೆ ಮಂಡಿಸಿದರು. ಒಂದು ಲಕೋಟೆಯ ಹಿಂಬದಿಯಲ್ಲಿ ಅವರು ಅದರ ರೇಖಾಚಿತ್ರವನ್ನು ಬಿಡಿಸಿದರೆಂಬ ಕಥೆ ಪ್ರಚಲಿತವಾಗಿದೆ. ಆ ಚಿತ್ರದ ಹಿಂದೆ ಹಲವು ವರ್ಷಗಳ ಮಾದರಿ ತಯಾರಿಕೆಯ ಅನುಭವವಿತ್ತು. 1941ರ ಫೆಬ್ರವರಿ 14ರಂದು ಸರಬರಾಜು ಸಚಿವಾಲಯವು ಮೇ 1ರೊಳಗೆ ಪೂರ್ಣಗಾತ್ರದ ಸೇತುವೆಯೊಂದನ್ನು ಸಿದ್ಧಪಡಿಸುವಂತೆ ಕೋರಿತು. ಸಿಡ್ನಿ ಬಂದರಿನ ಸೇತುವೆಯ ವಿನ್ಯಾಸದಲ್ಲಿ ಪಾತ್ರ ವಹಿಸಿದ್ದ ರಾಲ್ಫ್ ಫ್ರೀಮನ್ ಅವರು ಈ ಕಾರ್ಯದಲ್ಲಿ ನೆರವಾದರು.

ಪರೀಕ್ಷೆಯ ವೇಳೆ ಸೇತುವೆಯನ್ನು ಬಯಲಿನಲ್ಲಿ ನೆಲದಿಂದ ಸುಮಾರು 2 ಅಡಿ ಎತ್ತರದಲ್ಲಿ ಅಡ್ಡಲಾಗಿ ಇರಿಸಲಾಯಿತು. ಮೊದಲನೆಯ ಮಹಾಯುದ್ಧದ ಹಳೆಯ ಟ್ಯಾಂಕುಗಳಲ್ಲಿ ಬೀಡುಕಬ್ಬಿಣವನ್ನು ತುಂಬಿ, ಅವನ್ನು ಒಂದರ ಮೇಲೊಂದು ಪೇರಿಸಿ ಭಾರ ಹೊರಿಸಲಾಯಿತು. 1941ರ ಜುಲೈ ತಿಂಗಳಿನಲ್ಲಿ ಪೂರ್ಣಪ್ರಮಾಣದ ಉತ್ಪಾದನೆ ಆರಂಭವಾಗಿ, ಡಿಸೆಂಬರ್ ವೇಳೆಗೆ ಸೇತುವೆಗಳು ಸೇನೆಯನ್ನು ಸೇರಿದವು. 650ಕ್ಕೂ ಹೆಚ್ಚು ಸಂಸ್ಥೆಗಳು ಬಿಡಿಭಾಗಗಳನ್ನು ತಯಾರಿಸಿದವು. ಕ್ರಮೇಣ ತಿಂಗಳಿಗೆ 25,000 ಪ್ಯಾನೆಲುಗಳು ತಯಾರಾಗತೊಡಗಿದವು.

ಮಾದರಿಗೂ ನೈಜ ಸೇತುವೆಗೂ ಇರುವ ಅಂತರ

ಕಿರುಮಾದರಿಯು ಜೋಡಣೆಯ ಕ್ರಮವನ್ನು ಸರಿಯಾಗಿ ತೋರಿಸಬಲ್ಲದು; ಬಲವನ್ನು ಮಾತ್ರ ನೇರವಾಗಿ ತೋರಿಸಲಾರದು. ಒಂದು ವಸ್ತುವನ್ನು 35ನೆಯ ಒಂದರಷ್ಟು ಅಳತೆಗೆ ಇಳಿಸಿದಾಗ, ಅದರ ಕಂಬಿಗಳ ಅಡ್ಡಕೊಯ್ತದ ವಿಸ್ತೀರ್ಣ 1,225 ಪಟ್ಟು ಕಡಿಮೆಯಾಗುತ್ತದೆ. ತೂಕವಾದರೋ 42,875 ಪಟ್ಟು ಇಳಿಯುತ್ತದೆ. ಆದ್ದರಿಂದ ತನ್ನದೇ ಭಾರವನ್ನು ಹೊರುವುದರಲ್ಲಿ ಮಾದರಿ ಸೇತುವೆಯು ನೈಜ ಸೇತುವೆಗಿಂತ 35 ಪಟ್ಟು ಗಟ್ಟಿಯಾಗಿರುವಂತೆ ಕಾಣುತ್ತದೆ. ಮೇಜಿನ ಮೇಲೆ ದೃಢವಾಗಿ ನಿಂತದ್ದು ನದಿಯ ಮೇಲೆ ಕುಸಿಯಬಹುದು. ಕಬ್ಬಿಣ ತುಂಬಿದ ಟ್ಯಾಂಕುಗಳ ಪರೀಕ್ಷೆ ಈ ಕಾರಣದಿಂದ ಅನಿವಾರ್ಯವಾಗಿತ್ತು.

ಸೇತುವೆಯ ರಚನೆ

ಬೈಲಿ ಸೇತುವೆಯ ಮೂಲ ಘಟಕ ಪ್ಯಾನೆಲ್ ಎಂಬ ಉಕ್ಕಿನ ಚೌಕಟ್ಟು. ಇದರ ಉದ್ದ 10 ಅಡಿ, ಎತ್ತರ ಸುಮಾರು 5 ಅಡಿ, ತೂಕ 570 ಪೌಂಡ್, ಎಂದರೆ ಸುಮಾರು 260 ಕಿಲೋಗ್ರಾಂ. ಆರು ಮಂದಿ ಸೇರಿ ಇದನ್ನು ಎತ್ತಬಹುದು. ಕ್ರೇನಿನ ಅಗತ್ಯವಿಲ್ಲ. ಸಾಮಾನ್ಯ ಸೇನಾ ಲಾರಿಯಲ್ಲಿ ಸಾಗಿಸಬಹುದು. ಪ್ಯಾನೆಲುಗಳ ತುದಿಗಳನ್ನು ಪಿನ್ನುಗಳಿಂದ ಸೇರಿಸುತ್ತಾ ಹೋದಂತೆ ಸೇತುವೆಯ ಎರಡು ಬದಿಗಳು ಬೆಳೆಯುತ್ತವೆ. ಅವುಗಳ ನಡುವೆ ಅಡ್ಡತೊಲೆಗಳು, ಅವುಗಳ ಮೇಲೆ ಉದ್ದತೊಲೆಗಳು, ಎಲ್ಲಕ್ಕೂ ಮೇಲೆ ಮರದ ಹಲಗೆಗಳ ಹಾಸು ಬರುತ್ತದೆ.

ಹೆಚ್ಚಿನ ಭಾರ ಅಥವಾ ಹೆಚ್ಚಿನ ಉದ್ದ ಬೇಕಾದಾಗ ಪ್ಯಾನೆಲುಗಳನ್ನು ಪಕ್ಕಪಕ್ಕದಲ್ಲಿ ಎರಡು ಅಥವಾ ಮೂರು ಸಾಲಾಗಿ, ಒಂದರ ಮೇಲೊಂದು ಎರಡು ಅಥವಾ ಮೂರು ಅಂತಸ್ತಾಗಿ ಜೋಡಿಸಲಾಗುತ್ತದೆ. ಬಿಡಿಭಾಗಗಳು ಬದಲಾಗುವುದಿಲ್ಲ, ಅವುಗಳ ಸಂಖ್ಯೆ ಮಾತ್ರ ಬದಲಾಗುತ್ತದೆ.

ಸೇತುವೆಯನ್ನು ಒಂದೇ ದಡದಿಂದ ಉರುಳೆಗಳ ಮೇಲೆ ಮುಂದಕ್ಕೆ ತಳ್ಳಲಾಗುತ್ತದೆ. ಮುಂಭಾಗದಲ್ಲಿ ಹಾಸಿಲ್ಲದ ಹಗುರವಾದ ಚೌಕಟ್ಟೊಂದನ್ನು ಮೂಗಿನಂತೆ ಜೋಡಿಸಿರುತ್ತಾರೆ. ಹಿಂಭಾಗದ ತೂಕ ಹೆಚ್ಚಾಗಿರುವುದರಿಂದ, ಮೂಗು ಆಚೆ ದಡವನ್ನು ಮುಟ್ಟುವವರೆಗೂ ಸೇತುವೆ ನದಿಗೆ ಮಗುಚಿಕೊಳ್ಳುವುದಿಲ್ಲ. ಸೇತುವೆ ದಡ ಸೇರಿದ ಮೇಲೆ ಮೂಗನ್ನು ಕಳಚುತ್ತಾರೆ.

ಯುದ್ಧದಲ್ಲಿ ಬಳಕೆ

ಯುದ್ಧಭೂಮಿಯಲ್ಲಿ ಮೊದಲ ಬೈಲಿ ಸೇತುವೆಯನ್ನು 1942ರ ನವೆಂಬರ್ 26ರ ರಾತ್ರಿ ಟ್ಯುನೀಷಿಯಾದ ಮೆಜೆರ್ದಾ ನದಿಗೆ ಅಡ್ಡಲಾಗಿ ಕಟ್ಟಲಾಯಿತು. ಸಿಸಿಲಿ ಮತ್ತು ಇಟಲಿಗಳಲ್ಲಿಯೇ 3,000ಕ್ಕೂ ಹೆಚ್ಚು ಸೇತುವೆಗಳು ನಿರ್ಮಾಣಗೊಂಡವು. ಅವುಗಳ ಒಟ್ಟು ಉದ್ದ 55 ಮೈಲಿಗಳನ್ನು ಮೀರಿತ್ತು. ಇಟಲಿಯ ಸಾಂಗ್ರೊ ನದಿಯ ಸೇತುವೆಯೊಂದರ ಉದ್ದವೇ 1,126 ಅಡಿ.

ಸೇತುವೆಯನ್ನು ವಾಹನದ ಮೇಲೆ ಹೊತ್ತೊಯ್ಯುವ ಪ್ರಯತ್ನಗಳೂ ನಡೆದವು. 1944ರ ಮೇ ತಿಂಗಳಿನಲ್ಲಿ 8ನೆಯ ಭಾರತೀಯ ಡಿವಿಷನ್ ಇಟಲಿಯ ಕ್ಯಾಸಿನೊ ಬಳಿ ಗಾರಿ ನದಿಯನ್ನು ದಾಟಬೇಕಾಗಿತ್ತು. ಕೆನಡಾ ಸೇನೆಯ ಕ್ಯಾಪ್ಟನ್ ಟೋನಿ ಕಿಂಗ್ಸ್‌ಮಿಲ್ ಅವರ ಯೋಜನೆಯಂತೆ, ಮೇಲಿನ ಫಿರಂಗಿ ಗೋಪುರವನ್ನು ತೆಗೆದ ಶೆರ್ಮನ್ ಟ್ಯಾಂಕೊಂದರ ಮೇಲೆ ಬೈಲಿ ಸೇತುವೆಯನ್ನು ಹೊರಿಸಿ, ಹಿಂಬದಿಯಿಂದ ಮತ್ತೊಂದು ಟ್ಯಾಂಕ್ ಅದನ್ನು ದೂಡಿತು. ಮುಂದಿನ ಟ್ಯಾಂಕ್ ನದಿಗೆ ಇಳಿಯಿತು. ಸೇತುವೆ ಆಚೆ ದಡವನ್ನು ತಲುಪಿತು. ಚರ್ಚಿಲ್ ಟ್ಯಾಂಕನ್ನು ಮಾರ್ಪಡಿಸಿ ರೂಪಿಸಿದ ಇಂಜಿನಿಯರ್ ವಾಹನಗಳಿಂದಲೂ ಇಂತಹ ಚಲಿಸುವ ಬೈಲಿ ಸೇತುವೆಗಳನ್ನು ಮುಂದಕ್ಕೆ ತಳ್ಳಲಾಗುತ್ತಿತ್ತು.

ಬರ್ಮಾದ ಕಲೇವಾದಲ್ಲಿ 1944ರ ಡಿಸೆಂಬರ್‌ನಲ್ಲಿ ಭಾರತೀಯ ಸೇನೆಯ ಇಂಜಿನಿಯರ್ ಕಂಪನಿಗಳು ಚಿಂದ್ವಿನ್ ನದಿಗೆ ಅಡ್ಡಲಾಗಿ 1,154 ಅಡಿ ಉದ್ದದ ತೇಲುವ ಬೈಲಿ ಸೇತುವೆಯನ್ನು ಕಟ್ಟಿದವು. ಆ ಕಾಲಕ್ಕೆ ಅದು ಈ ಬಗೆಯ ಅತಿ ಉದ್ದದ ಸೇತುವೆಗಳಲ್ಲಿ ಒಂದಾಗಿತ್ತು.

ಬೆಂಗಳೂರಿನ ಸಂಬಂಧ

1780ರಲ್ಲಿ ಸ್ಥಾಪನೆಗೊಂಡ ಮದ್ರಾಸ್ ಸ್ಯಾಪರ್ಸ್ ದಳದ ಕೇಂದ್ರವು 1834ರಿಂದ ಬೆಂಗಳೂರಿನಲ್ಲಿದೆ. ಹಲಸೂರು ಕೆರೆಯ ಸಮೀಪದ ಈ ಕೇಂದ್ರ ಇಂದು ಮದ್ರಾಸ್ ಇಂಜಿನಿಯರ್ ಗ್ರೂಪ್ ಎಂದು ಪ್ರಸಿದ್ಧವಾಗಿದೆ. ಬಿಡಿಭಾಗಗಳನ್ನು ಸೇರಿಸಿ ಬೇಕಾದ ಉದ್ದವನ್ನು ಪಡೆಯುವ ಉಪಾಯ ಇಲ್ಲಿ ಹೊಸದಲ್ಲ. ಇದೇ ದಳದಲ್ಲಿದ್ದ ಕ್ಯಾಪ್ಟನ್ ಮೆಕ್ಲಿಂಟಕ್ ಅವರು 1912ರಲ್ಲಿ ಸ್ಫೋಟಕ ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಮುಳ್ಳುತಂತಿಯ ಬೇಲಿಯನ್ನು ಭೇದಿಸುವ ಸಾಧನವನ್ನು ರೂಪಿಸಿದರು. ಅದು ಜಗತ್ತಿನಾದ್ಯಂತ ಬೆಂಗಳೂರು ಟಾರ್ಪಿಡೊ ಎಂದು ಹೆಸರಾಯಿತು.

2024ರ ಜುಲೈ 30ರಂದು ಕೇರಳದ ವಯನಾಡಿನಲ್ಲಿ ಭೂಕುಸಿತ ಸಂಭವಿಸಿ ಚೂರಲ್‌ಮಲದ ಸೇತುವೆ ಕೊಚ್ಚಿಹೋಯಿತು. ಆಚೆಗಿನ ಮುಂಡಕ್ಕೈ ಗ್ರಾಮ ಸಂಪರ್ಕ ಕಳೆದುಕೊಂಡಿತು. ಮದ್ರಾಸ್ ಇಂಜಿನಿಯರ್ ಗ್ರೂಪಿನ ಯೋಧರು ಅಲ್ಲಿ 190 ಅಡಿ ಉದ್ದದ, 24 ಟನ್ ಭಾರ ಹೊರಬಲ್ಲ ಬೈಲಿ ಸೇತುವೆಯನ್ನು ಕಟ್ಟಿ ಆಗಸ್ಟ್ 1ರಂದು ಪೂರ್ಣಗೊಳಿಸಿದರು. ಆಂಬುಲೆನ್ಸುಗಳೂ ಮಣ್ಣು ತೆಗೆಯುವ ಯಂತ್ರಗಳೂ ಅದರ ಮೇಲೆ ಸಾಗಿದವು.

ಗೌರವಗಳು ಮತ್ತು ವಿವಾದ

1946ರಲ್ಲಿ ಬೈಲಿಯವರಿಗೆ ನೈಟ್ ಪದವಿ ದೊರೆಯಿತು. ಆವಿಷ್ಕಾರಕರಿಗೆ ಪುರಸ್ಕಾರ ನೀಡುವ ಬ್ರಿಟಿಷ್ ಸರ್ಕಾರದ ಆಯೋಗವು ಅವರಿಗೆ 12,000 ಪೌಂಡ್ ನೀಡಿತು. ಈ ಸೇತುವೆ ಇಲ್ಲದಿದ್ದರೆ ಯುದ್ಧದ ಗೆಲುವು ಕಷ್ಟವಾಗುತ್ತಿತ್ತೆಂದು ಫೀಲ್ಡ್ ಮಾರ್ಷಲ್ ಮಾಂಟ್ಗೊಮರಿ ಅಭಿಪ್ರಾಯಪಟ್ಟಿದ್ದರು.

ವಿನ್ಯಾಸದ ಸ್ವಂತಿಕೆಯ ಬಗ್ಗೆ ತಕರಾರೂ ಎದ್ದಿತು. ಕ್ಯಾಲೆಂಡರ್-ಹ್ಯಾಮಿಲ್ಟನ್ ಸೇತುವೆಯ ವಿನ್ಯಾಸಕಾರರಾದ ಎ. ಎಂ. ಹ್ಯಾಮಿಲ್ಟನ್ ಅವರು ತಮ್ಮ ಪೇಟೆಂಟ್ ಉಲ್ಲಂಘನೆಯಾಗಿದೆಯೆಂದು ವಾದಿಸಿದರು. 1954ರಲ್ಲಿ ಅದೇ ಆಯೋಗವು ಹ್ಯಾಮಿಲ್ಟನ್ ಅವರಿಗೆ, ಅವರ ಸ್ವಂತ ಸೇತುವೆಗಳ ಬಳಕೆಗಾಗಿ, 10,000 ಪೌಂಡ್ ನೀಡಿತು.

ಕೊನೆಯ ವರ್ಷಗಳು

ಯುದ್ಧಾನಂತರವೂ ಬೈಲಿಯವರು ಕ್ರೈಸ್ಟ್‌ಚರ್ಚ್‌ನಲ್ಲಿಯೇ ಸೇವೆಯನ್ನು ಮುಂದುವರಿಸಿ, ಸಂಸ್ಥೆಯ ನಿರ್ದೇಶಕರಾದರು. 1962ರಿಂದ 1966ರವರೆಗೆ ಶ್ರೈವನ್‌ಹ್ಯಾಮ್‌ನ ರಾಯಲ್ ಮಿಲಿಟರಿ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಡೀನ್ ಆಗಿದ್ದರು. 1985ರ ಮೇ 5ರಂದು ಬೋರ್ನ್‌ಮತ್‌ನಲ್ಲಿ ನಿಧನರಾದರು.

ಮಾದರಿ ತಯಾರಕರಲ್ಲಿ

ಸೇನಾ ಇಂಜಿನಿಯರ್ ವಾಹನಗಳ ಕಿರುಮಾದರಿಗಳನ್ನು ಕಟ್ಟುವ ಹವ್ಯಾಸಿಗಳಿಗೆ ಬೈಲಿ ಸೇತುವೆ ಇಂದಿಗೂ ಪ್ರಿಯವಾದ ವಿಷಯ. 1:35, 1:72 ಮತ್ತು 1:76 ಇದಕ್ಕೆ ಸಾಮಾನ್ಯವಾಗಿ ಬಳಸುವ ಪ್ರಮಾಣಗಳು. 1:35ರಲ್ಲಿ 10 ಅಡಿಯ ಪ್ಯಾನೆಲು ಸುಮಾರು 87 ಮಿಲಿಮೀಟರ್, 1:72ರಲ್ಲಿ ಸುಮಾರು 42 ಮಿಲಿಮೀಟರ್ ಉದ್ದವಿರುತ್ತದೆ. ಒಂದು ಪ್ಯಾನೆಲನ್ನು ನಿಖರವಾಗಿ ಮಾಡಿ ಅದರ ಅಚ್ಚನ್ನು ತೆಗೆದರೆ ಉಳಿದವುಗಳನ್ನೆಲ್ಲ ಅದರಿಂದಲೇ ಎರಕ ಹೊಯ್ಯಬಹುದು. ಮಾದರಿಯನ್ನು ಕಟ್ಟುವ ಕ್ರಮವೂ ಯೋಧರು ನಿಜವಾದ ಸೇತುವೆಯನ್ನು ಕಟ್ಟುವ ಕ್ರಮವೂ ಬಹುಮಟ್ಟಿಗೆ ಒಂದೇ ಆಗಿವೆ.

ಕ್ರೈಸ್ಟ್‌ಚರ್ಚ್ ಸಮೀಪದ ಸ್ಟ್ಯಾನ್‌ಪಿಟ್ ಜೌಗುಪ್ರದೇಶದ ಕಾಲುವೆಯೊಂದರ ಮೇಲೆ ಬೈಲಿಯವರ ಆರಂಭಿಕ ಪ್ರಾಯೋಗಿಕ ಸೇತುವೆಗಳಲ್ಲಿ ಒಂದನ್ನು ಉಳಿಸಿಕೊಳ್ಳಲಾಗಿದೆ.