ಜಠರರಸದ ಶೋಧಕ ಸ್ಪಲ್ಲಾಂಜಾನಿ

ಗಿರಾಕಿಗಳ ಊಟ ಮುಗಿಯುವವರೆಗೆ ತನ್ನ ಎಲೆ ಹಾಕಿಕೊಳ್ಳಲಾರದವನು ಹೋಟೆಲು ಕೆಲಸಗಾರ. ಲೇಕ್ ಗಾರ್ಡನ್ಸಿನ ನಮ್ಮ ಬಾಂಧವರಿಗೆ ಹುಳಿತೇಗು, ಎದೆಯುರಿಗಳ ಪರಿಚಯ ಮಾಡಿಕೊಡಬೇಕಾದುದಿಲ್ಲ. ಆ ಹುಳಿಯನ್ನು ಹೊತ್ತ ಜಠರರಸವೇ ಅನ್ನವನ್ನು ಕರಗಿಸುತ್ತದೆಂದು ಪ್ರಯೋಗಗಳಿಂದ ದೃಢಪಡಿಸಿದವರು ಇಟಲಿಯ ಪಾದ್ರಿ ಲಾಜಾರೊ ಸ್ಪಲ್ಲಾಂಜಾನಿ.

ಅವರು 1729ರಲ್ಲಿ ಸ್ಕಾಂದಿಯಾನೊ ಎಂಬ ಊರಿನಲ್ಲಿ ವಕೀಲರೊಬ್ಬರ ಮಗನಾಗಿ ಜನಿಸಿದರು. ಬೊಲೋನ್ಯದಲ್ಲಿ ನ್ಯಾಯಶಾಸ್ತ್ರ ಓದುತ್ತಿದ್ದಾಗ, ಅಲ್ಲಿ ಪ್ರಾಧ್ಯಾಪಕಿಯಾಗಿದ್ದ ಬಂಧು ಲಾರಾ ಬಾಸ್ಸಿಯವರ ಪ್ರಭಾವದಿಂದ ವಿಜ್ಞಾನದತ್ತ ತಿರುಗಿದರು. 1769ರಲ್ಲಿ ಪಾವಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು.

ಹೊಟ್ಟೆಯು ಬೀಸುವ ಕಲ್ಲಿನಂತೆ ಅರೆಯುತ್ತದೆಂದು ಕೆಲವರೂ, ಆಹಾರವು ಅಲ್ಲಿ ಕೊಳೆಯುತ್ತದೆಂದು ಕೆಲವರೂ ವಾದಿಸುತ್ತಿದ್ದ ಕಾಲವದು. ಸ್ಪಲ್ಲಾಂಜಾನಿಯವರು ರೊಟ್ಟಿಯನ್ನೂ ಆಮೇಲೆ ಮಾಂಸವನ್ನೂ ಬಟ್ಟೆಯ ಪುಟ್ಟ ಚೀಲಗಳಲ್ಲಿ ಹೊಲಿದು, ಅಪಾಯವನ್ನು ಲೆಕ್ಕಿಸದೆ ತಾವೇ ನುಂಗಿದರು. ಚೀಲ ಹರಿಯದೆ ಹೊರಬಂದಿತು. ಒಳಗಿನ ರೊಟ್ಟಿ ಕರಗಿಹೋಗಿತ್ತು. ಬರಿಹೊಟ್ಟೆಯಲ್ಲಿ ವಾಂತಿ ಮಾಡಿಕೊಂಡು ಸಂಗ್ರಹಿಸಿದ ರಸದಲ್ಲಿ ಮಾಂಸವನ್ನಿಟ್ಟು ಬೆಚ್ಚಗಿರಿಸಿದಾಗ ದೇಹದ ಹೊರಗೂ ಅದು ಕರಗತೊಡಗಿತು. ಆ ರಸದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೆಂದು 1823ರಲ್ಲಿ ತೋರಿಸಿದವರು ಇಂಗ್ಲೆಂಡಿನ ವಿಲಿಯಂ ಪ್ರೌಟ್.

ಕಪ್ಪೆಯ ಮೊಟ್ಟೆ ಅವರ ಇನ್ನೊಂದು ವ್ಯಾಸಂಗ. ಗಂಡುಕಪ್ಪೆಗಳಿಗೆ ಚಡ್ಡಿ ತೊಡಿಸಿ, ವೀರ್ಯ ಸೋಕದ ಮೊಟ್ಟೆ ಮರಿಯಾಗದೆಂದು ಕಂಡರು. ಆದರೂ ಸಕಲಾಂಗಗಳುಳ್ಳ ಮರಿ ಮೊಟ್ಟೆಯೊಳಗೆ ಮೊದಲೇ ಇದ್ದು ಬರಿದೆ ಹಿಗ್ಗುತ್ತದೆಂಬ ನಂಬಿಕೆಯನ್ನು ಬಿಡಲಿಲ್ಲ. 1799ರಲ್ಲಿ ಪಾವಿಯಾದಲ್ಲಿ ತೀರಿಕೊಂಡರು.

ಆ ನಂಬಿಕೆ ಮುಂದೆ ನಿಲ್ಲಲಿಲ್ಲ. ಜಠರವು ಗರ್ಭದಲ್ಲಿ ಹಂತಹಂತವಾಗಿ ರೂಪುಗೊಳ್ಳುತ್ತದೆ. ಆಮ್ಲವನ್ನು ಸುರಿಸುವ ಜೀವಕೋಶಗಳಲ್ಲಿ ಒಂದು ಸೂಕ್ಷ್ಮ ಪಂಪು ಇದೆ; ಅದನ್ನು ಕಟ್ಟುವ ಸೂಚನೆ ಎಟಿಪಿ4ಎ, ಎಟಿಪಿ4ಬಿ ಎಂಬ ಎರಡು ಜೀನುಗಳಲ್ಲಿದೆ. ತಿಂಡಿಯ ಪಟ್ಟಿ ಒಂದೇ ಆದರೂ ಒಂದೊಂದು ಒಲೆಯ ಮೇಲೆ ಒಂದೊಂದು ಬೇಯುವಂತೆ, ದೇಹದ ಕೋಶಗಳಿಗೆಲ್ಲ ಜೀನುಗಳು ಸಮಾನವಾದರೂ, ಇವು ಮುಖ್ಯವಾಗಿ ಜಠರದ ಈ ಕೋಶಗಳಲ್ಲೇ ತಕ್ಕ ಕಾಲಕ್ಕೆ ಎಚ್ಚರಗೊಳ್ಳುತ್ತವೆ. ಮನುಷ್ಯ ಭ್ರೂಣದಲ್ಲಿ ಈ ಕೋಶಗಳು ಮೂರನೆಯ ತಿಂಗಳ ಸುಮಾರಿಗೆ ಕಾಣಿಸಿಕೊಳ್ಳುತ್ತವೆ.

ಇನ್ನೂ ಸೋಜಿಗದ ಸಂಗತಿ 2002ರಲ್ಲಿ ಪ್ರಕಟವಾಯಿತು. ಕಪ್ಪೆಯ ಭ್ರೂಣದಲ್ಲಿ ಜಠರ ಮೂಡುವುದಕ್ಕೆ ಬಹು ಮೊದಲೇ ಈ ಪಂಪಿಗೆ ಕೆಲಸವುಂಟು. ಅದನ್ನು ತಡೆದರೆ ಅನೇಕ ಮರಿಗಳಲ್ಲಿ ಹೃದಯ, ಕರುಳುಗಳು ಎಡಬಲ ತಪ್ಪಿ ನಿಲ್ಲುತ್ತವೆ. ಸ್ಪಲ್ಲಾಂಜಾನಿಯವರು ಬೇರೆ ಬೇರೆಯಾಗಿ ಪರೀಕ್ಷಿಸಿದ ಜಠರರಸವೂ ಕಪ್ಪೆಯ ಮೊಟ್ಟೆಯೂ ಎರಡು ಶತಮಾನಗಳ ಬಳಿಕ ಹೀಗೆ ಒಂದೇ ಜೀನಿನಲ್ಲಿ ಸಂಧಿಸಿದವು. ಸ್ಕಾಂದಿಯಾನೊದಲ್ಲಿರುವ ಅವರ ಪ್ರತಿಮೆ ಇಂದಿಗೂ ಭೂತಗನ್ನಡಿ ಹಿಡಿದು ಕಪ್ಪೆಯೊಂದನ್ನು ನೋಡುತ್ತಿದೆ.